ಮನೆಯಂಗಳದಲ್ಲಿ ಬೈಕ್ ರಿಪೇರಿ: ಬೋಲ್ಟು ಮುರಿಯುವ ಮೊದಲು, ಮುರಿದ ಮೇಲೆ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟದ ಮನೆಗಳಲ್ಲಿ ಹಾಲಿನ ಸೊಸೈಟಿಗೆ ಹೋಗಲೂ ಬೈಕ್ ಬೇಕು, ಗೊಬ್ಬರದ ಚೀಲ ತರಲೂ ಬೈಕ್ ಬೇಕು. ಹೀಗಾಗಿ ಎಂಜಿನ್ ಆಯಿಲ್ ಬದಲಿಸುವುದು, ಪ್ಲಗ್ ಬಿಚ್ಚಿ ಒರೆಸುವುದು, ಚೈನ್ ಬಿಗಿಯುವುದು, ಕ್ಲಚ್ ಕೇಬಲ್ ಹಾಕುವುದು ಮುಂತಾದವನ್ನು ಮನೆಯಲ್ಲೇ ಮಾಡಿಕೊಳ್ಳುವವರು ಇಲ್ಲಿ ಅನೇಕರಿದ್ದಾರೆ. ಕೆಲಸವೇನೋ ಕಷ್ಟದ್ದಲ್ಲ. ಆದರೆ ಅರ್ಧ ಗಂಟೆಯ ಕೆಲಸ ಎರಡು ದಿನಕ್ಕೆ ಎಳೆದು, ಕೊನೆಗೆ ಬೈಕನ್ನು ಪಿಕಪ್‌ಗೆ ಹೇರಿಕೊಂಡು ಹೋಗಬೇಕಾಗಿ ಬಂದ ಪ್ರಸಂಗಗಳನ್ನು ವಿಚಾರಿಸಿದರೆ, ತಪ್ಪು ಎಂಜಿನ್ನಿನ ಒಳಗೆ ಆಗಿರುವುದು ಅಪರೂಪ. ಎಲ್ಲೋ ಒಂದು ಬೋಲ್ಟು ಮುರಿದಿರುತ್ತದೆ, ಇಲ್ಲವೇ ಥ್ರೆಡ್ (ಬೋಲ್ಟು ಕಚ್ಚಿಕೊಳ್ಳುವ ಸುರುಳಿ ಗೆರೆ) ಹೋಗಿರುತ್ತದೆ, ಇಲ್ಲವೇ ಸ್ಕ್ರೂವಿನ ತಲೆ ಸವೆದಿರುತ್ತದೆ. ಎಂಜಿನ್ ಕಲಿಯುವ ಮೊದಲು ಬೋಲ್ಟನ್ನು ಕಲಿಯಬೇಕು ಎಂಬುದು ನನ್ನ ಅಭಿಪ್ರಾಯ. ಈ ಬರಹವೂ ಹೆಚ್ಚಾಗಿ ಅದರ ಸುತ್ತಲೇ ಇದೆ.

ಮೊದಲನೆಯ ಎಡವಟ್ಟು ದಿನ ಆರಿಸುವುದರಲ್ಲೇ ಆಗುತ್ತದೆ. ಹರತಾಳದ ದಿನ ಬೇರೆ ಕೆಲಸವಿಲ್ಲವೆಂದು ಬೈಕ್ ಬಿಚ್ಚಲು ಕುಳಿತವರಿಗೆ, ಹರಿದ ಗ್ಯಾಸ್ಕೆಟ್ ಕೈಗೆ ಬಂದ ಮೇಲೆ, ಆ ದಿನ ಯಾವ ಅಂಗಡಿಯೂ ತೆರೆದಿಲ್ಲವೆಂಬುದು ನೆನಪಾಗುತ್ತದೆ. ಭಾನುವಾರದ ಕಥೆಯೂ ಹೆಚ್ಚುಕಡಿಮೆ ಇದೇ. ಬೇಕಾದ ಭಾಗ ಊರಿನ ಪೇಟೆಯಲ್ಲಿ ಸಿಗದಿದ್ದರೆ ಕಾಸರಗೋಡಿಗೆ, ಅಲ್ಲಿಯೂ ಇಲ್ಲದಿದ್ದರೆ ಮಂಗಳೂರಿಗೆ ಬಸ್ಸು ಹಿಡಿಯಬೇಕಾದ ನಮಗೆ, ಅಂಗಡಿ ತೆರೆದಿರುವ ದಿನದ ಬೆಳಗ್ಗೆ ಕೆಲಸ ಆರಂಭಿಸುವುದೇ ಕ್ಷೇಮ. ಹೋಗುವಾಗ ಹಳೆಯ ಭಾಗವನ್ನು ಕೈಯಲ್ಲೇ ಹಿಡಿದುಕೊಂಡು ಹೋಗಬೇಕು. ಒಂದೇ ವಾಷರಿಗೆ ಕನ್ನಡದಲ್ಲಿ, ತುಳುವಿನಲ್ಲಿ, ಮಲಯಾಳದಲ್ಲಿ ವರ್ಣನೆ ಕೊಟ್ಟು ತಪ್ಪು ಅಳತೆಯದನ್ನು ತರುವುದಕ್ಕಿಂತ ಅದು ಎಷ್ಟೋ ವಾಸಿ.

ಜಾಗಕ್ಕೆ ಅಡಿಕೆ ಒಣಗಿಸುವ ಸಿಮೆಂಟ್ ಅಂಗಳವೇ ಉತ್ತಮ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಪುಡಿ ಮಣ್ಣಿನ ಮೇಲೆ ಸ್ಟ್ಯಾಂಡ್ ಹೂತು ಬೈಕ್ ವಾಲುತ್ತದೆ. ಬೇರೆ ಜಾಗವಿಲ್ಲದಿದ್ದರೆ ಕೆಳಗೆ ಗಟ್ಟಿಯಾದ ಹಲಗೆ ಇಡಬೇಕು. ಗೋಣಿಚೀಲ ಹಾಸುವ ಅಭ್ಯಾಸ ಬಿಡುವುದು ಒಳ್ಳೆಯದು, ಏಕೆಂದರೆ ಸಣ್ಣ ಸ್ಪ್ರಿಂಗು, ಕ್ಲಿಪ್ಪುಗಳು ಅದರ ನಾರಿನಲ್ಲಿ ಅಡಗಿ ಕುಳಿತುಬಿಡುತ್ತವೆ. ಹಳೆಯ ಬಿಳಿ ಬೈರಾಸು ಹಾಸಿದರೆ ಬಿದ್ದದ್ದು ಕಣ್ಣಿಗೆ ಕಾಣುತ್ತದೆ. ಬಿಚ್ಚಿದ ನಟ್ಟು ಬೋಲ್ಟುಗಳಿಗೆ ಒಂದೊಂದು ಭಾಗಕ್ಕೆ ಒಂದೊಂದು ಹಾಳೆತಟ್ಟೆ ಇಟ್ಟುಕೊಳ್ಳಬಹುದು. ಆದರೆ ಕ್ಲಚ್ ಕವರಿನಂಥ ಭಾಗಕ್ಕೆ ತಟ್ಟೆಯೂ ಸಾಲದು, ಏಕೆಂದರೆ ಅದರ ಬೋಲ್ಟುಗಳೆಲ್ಲ ಒಂದೇ ಉದ್ದದವಲ್ಲ. ಉದ್ದದ್ದನ್ನು ಗಿಡ್ಡದರ ತೂತಿಗೆ ಹಾಕಿ ಬಿಗಿದರೆ ತುದಿ ತಳಕ್ಕೆ ತಾಗಿ ಅಲ್ಯುಮಿನಿಯಂ ಬಿರುಕು ಬಿಡುತ್ತದೆ. ಗಿಡ್ಡದ್ದನ್ನು ಉದ್ದದರ ತೂತಿಗೆ ಹಾಕಿದರೆ ಎರಡು ಮೂರು ಸುತ್ತು ಮಾತ್ರ ಕಚ್ಚಿಕೊಂಡು ಥ್ರೆಡ್ ಕಿತ್ತುಬರುತ್ತದೆ. ಒಂದು ರಟ್ಟಿನ ಮೇಲೆ ಕವರಿನ ಆಕಾರವನ್ನು ಗೀಚಿ, ಬಿಚ್ಚಿದ ಬೋಲ್ಟನ್ನು ಅದರದರ ಜಾಗದಲ್ಲೇ ರಟ್ಟಿಗೆ ಚುಚ್ಚಿಟ್ಟರೆ ಈ ತೊಂದರೆಯೇ ಇರುವುದಿಲ್ಲ. ಮೊಬೈಲಿನಲ್ಲಿ ಫೋಟೊ ತೆಗೆದಿಡುವುದೂ ಒಳ್ಳೆಯದೇ, ಆದರೆ ಬೋಲ್ಟಿನ ಉದ್ದ ಫೋಟೊದಲ್ಲಿ ಕಾಣುವುದಿಲ್ಲ.

ಈಗ ಸ್ಕ್ರೂವಿನ ವಿಷಯ. ಜಪಾನಿ ವಿನ್ಯಾಸದಿಂದ ಬಂದ ಹಳೆಯ ಬೈಕುಗಳ ಕವರುಗಳಲ್ಲಿ ಇರುವ ಪ್ಲಸ್ ಸ್ಕ್ರೂಗಳು ಬಹುಮಟ್ಟಿಗೆ ಜೆಐಎಸ್ ಎಂಬ ಜಪಾನಿ ಮಾನದಂಡದವು. ಮನೆಯಲ್ಲಿರುವ ಸಾಮಾನ್ಯ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರ ತಳದವರೆಗೆ ಕೂರುವುದಿಲ್ಲ. ಒತ್ತಿ ತಿರುಗಿಸಿದೊಡನೆ ಅದು ಮೇಲಕ್ಕೆ ಜಾರಿ, ಎರಡನೇ ಸಲಕ್ಕೆ ಸ್ಕ್ರೂವಿನ ತಲೆ ಗುಂಡಗಾಗಿಬಿಡುತ್ತದೆ. ಸರಿಯಾದ ಬಿಟ್ ಇಟ್ಟು, ಸುತ್ತಿಗೆಯಿಂದ ಹೊಡೆದರೆ ತಾನೇ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಬಳಸಿದರೆ ಹೆಚ್ಚಿನ ಸ್ಕ್ರೂಗಳು ಒಂದೆರಡು ಪೆಟ್ಟಿಗೆ ಸಡಿಲವಾಗುತ್ತವೆ. ಬೆಲೆ ಹೆಚ್ಚೇನಿಲ್ಲ, ನಾಲ್ಕು ಮನೆಯವರು ಸೇರಿ ಒಂದನ್ನು ಇಟ್ಟುಕೊಳ್ಳಬಹುದು.

ತುಕ್ಕು ನಮ್ಮ ಊರಿನ ಖಾಯಂ ಅತಿಥಿ. ಕುಂಬಳೆ, ಉಪ್ಪಳ, ಮಂಜೇಶ್ವರದಲ್ಲಿ ಕಡಲಿನ ಉಪ್ಪುಗಾಳಿಯಾದರೆ, ಒಳನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆರದ ಶೀತ. ಇದರ ಜತೆಗೆ ಅಡಿಕೆಗೆ ಮದ್ದು ಬಿಡುವ ಕಾಲದಲ್ಲಿ ಮೈಲುತುತ್ತಿನ ದ್ರಾವಣ ಬೈಕಿನ ಮೇಲೆ ಚೆಲ್ಲುವುದುಂಟು. ಅದು ಕಬ್ಬಿಣವನ್ನೂ ಅಲ್ಯುಮಿನಿಯಂ ಅನ್ನೂ ತಿನ್ನುವುದರಿಂದ ಅದೇ ದಿನ ತೊಳೆಯಬೇಕು. ಹಿಡಿದುಕೊಂಡ ಬೋಲ್ಟಿಗೆ ತೆಂಗಿನೆಣ್ಣೆ ಬಿಡುವವರನ್ನು ಕಂಡಿದ್ದೇನೆ. ಎಣ್ಣೆ ಮೇಲೆ ಹೊಳೆಯುತ್ತದೆ, ಥ್ರೆಡ್ಡಿನ ಒಳಗೆ ಇಳಿಯುವುದಿಲ್ಲ. ತುಕ್ಕು ಬಿಡಿಸುವ ಸ್ಪ್ರೇ ಹಾಕಿ, ಅದಿಲ್ಲದಿದ್ದರೆ ಡೀಸೆಲ್ ಬಿಟ್ಟು, ಒಂದು ರಾತ್ರಿ ಕಾಯಬೇಕು. ಮರುದಿನ ಬೋಲ್ಟಿನ ತಲೆಗೆ ಮೇಲಿನಿಂದ ಹಗುರವಾಗಿ ನಾಲ್ಕು ಪೆಟ್ಟು ಕೊಟ್ಟು, ಮೊದಲು ಬಿಗಿಯುವ ದಿಕ್ಕಿಗೆ ಕೂದಲಿನಷ್ಟು ತಿರುಗಿಸಿ, ಆಮೇಲೆ ಬಿಚ್ಚುವ ದಿಕ್ಕಿಗೆ ತರಬೇಕು. ಕಾಲು ಸುತ್ತು ಬಂದು ಮತ್ತೆ ಬಿಗಿಯಾದರೆ ಎಳೆಯಬಾರದು. ಹಿಂದಕ್ಕೆ ತಿರುಗಿಸಿ, ಇನ್ನಷ್ಟು ಡೀಸೆಲ್ ಬಿಟ್ಟು, ಪುನಃ ಮುಂದಕ್ಕೆ ತರಬೇಕು. ಬೋಲ್ಟು ಮುರಿಯುವ ಮೊದಲು ಒಂದು ಸೂಚನೆ ಕೊಡುತ್ತದೆ: ಅಲ್ಲಿಯವರೆಗೆ ಗಡುಸಾಗಿದ್ದ ಸ್ಪಾನರ್ ಶಬ್ದವಿಲ್ಲದೆ ಮೆತ್ತಗೆ ತಿರುಗತೊಡಗುತ್ತದೆ. ಸಡಿಲವಾಯಿತೆಂದು ಸಂತೋಷಪಡುವ ಆ ಗಳಿಗೆಯಲ್ಲಿ ಬೋಲ್ಟು ಒಳಗೆ ತಿರುಚಿಕೊಳ್ಳುತ್ತಿರುತ್ತದೆ. ಅಲ್ಲೇ ನಿಲ್ಲಿಸಬೇಕು.

ಮುರಿದೇ ಹೋದರೆ ಮೊದಲು ನೋಡಬೇಕಾದದ್ದು ತುಂಡು ಹೊರಗೆ ಚಾಚಿದೆಯೇ ಎಂದು. ಚಾಚಿದ್ದರೆ ಲಾಕಿಂಗ್ ಪ್ಲೈಯರ್‌ನಲ್ಲಿ ಕಚ್ಚಿ ಹಿಡಿದು, ಅಲ್ಲಿಗೆ ಕುದಿಯುವ ನೀರು ಹೊಯ್ದು ತಿರುಗಿಸಿ ನೋಡಬಹುದು. ಬಿಸಿಗೆ ಅಲ್ಯುಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುವುದರಿಂದ ಹಿಡಿತ ಸಡಿಲಾಗುತ್ತದೆ. ಪೆಟ್ರೋಲ್ ಟ್ಯಾಂಕ್ ಇರುವ ವಾಹನಕ್ಕೆ ಬೆಂಕಿ ಹಿಡಿದು ಬಿಸಿ ಮಾಡುವ ಸಾಹಸ ಮನೆಯಲ್ಲಿ ಬೇಡವೇ ಬೇಡ. ತುಂಡು ಒಳಗೇ ಮುರಿದಿದ್ದರೆ ಅದನ್ನು ಲೇತ್ ವರ್ಕ್‌ಶಾಪಿಗೆ ಒಪ್ಪಿಸುವುದು ಜಾಣತನ. ಮುರಿದ ತುಂಡನ್ನು ಹೊರತೆಗೆಯಲೆಂದು ಅಂಗಡಿಯಲ್ಲಿ ಸಿಗುವ ಎಕ್ಸ್‌ಟ್ರ್ಯಾಕ್ಟರ್ ಬಲು ಗಡುಸಾದ ಉಕ್ಕಿನದು, ಗಡುಸಾದುದರಿಂದಲೇ ಪಟ್ಟನೆ ಮುರಿಯುವಂಥದ್ದು. ಅದೂ ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಕೊರೆಯಲಾರದು.

ಇನ್ನು ಬಿಗಿಯುವ ಮಾತು. ಕವರುಗಳಿಗೆ ಹಾಕುವ 6 ಮಿಲಿಮೀಟರ್ ಬೋಲ್ಟಿಗೆ ಬೇಕಾದ ಬಿಗಿ ಸುಮಾರು 10 ನ್ಯೂಟನ್ ಮೀಟರ್, ಅಂದರೆ 10 ಸೆಂಟಿಮೀಟರ್ ಉದ್ದದ ಹಿಡಿಕೆಯ ತುದಿಗೆ ಹೆಚ್ಚುಕಡಿಮೆ 10 ಕಿಲೋ ಭಾರ ಬಿದ್ದಷ್ಟು. ತೋಟದ ಕೆಲಸ ಮಾಡಿ ಪಳಗಿದ ಕೈಗೆ ಇದು ಏನೂ ಅಲ್ಲ. ಉದ್ದ ಹಿಡಿಕೆಯ ರ‍್ಯಾಚೆಟ್ ಹಿಡಿದರೆ ಇದರ ಮೂರು ಪಟ್ಟು ಗೊತ್ತಿಲ್ಲದೆಯೇ ಬೀಳುತ್ತದೆ. ಎಂಜಿನ್ ತಳದ ಡ್ರೇನ್ ಬೋಲ್ಟಿನ ಥ್ರೆಡ್ ಹೋಗುವುದು ಹೀಗೆಯೇ. ಆಯಿಲ್ ಸೋರುತ್ತದೆಂದು ಪ್ರತಿ ಸಲ ಇನ್ನಷ್ಟು ಬಿಗಿಯುತ್ತಾರೆ. ಸೋರುವುದು ಬಿಗಿ ಸಾಲದ್ದಕ್ಕಲ್ಲ, ಚಪ್ಪಟೆಯಾದ ಹಳೆಯ ವಾಷರನ್ನೇ ಮತ್ತೆ ಹಾಕಿದ್ದಕ್ಕೆ. ಪ್ರತಿ ಆಯಿಲಿಗೂ ಹೊಸ ವಾಷರ್ ಹಾಕಿ, ಬೋಲ್ಟನ್ನು ಬೆರಳಿನಿಂದಲೇ ಕೊನೆಯವರೆಗೆ ತಿರುಗಿಸಿ, ಆಮೇಲಷ್ಟೇ ಗಿಡ್ಡ ಸ್ಪಾನರ್ ಹಿಡಿಯಬೇಕು. ಥ್ರೆಡ್ ಈಗಾಗಲೇ ಹೋಗಿದ್ದರೆ ಎಂ-ಸೀಲ್ ಮೆತ್ತುವುದು ಪರಿಹಾರವಲ್ಲ; ವರ್ಕ್‌ಶಾಪಿನಲ್ಲಿ ಹೆಲಿಕಾಯಿಲ್ ಎಂಬ ಉಕ್ಕಿನ ಸುರುಳಿ ಕೂರಿಸಿ ಹಳೆಯ ಅಳತೆಯ ಬೋಲ್ಟನ್ನೇ ಉಳಿಸಿಕೊಳ್ಳಬಹುದು. ಸ್ಪಾರ್ಕ್ ಪ್ಲಗ್ಗಿಗೂ ಇದೇ ಕ್ರಮ. ಬೆರಳಿನಲ್ಲಿ ತಿರುಗದ ಪ್ಲಗ್ ಓರೆಯಾಗಿ ಕೂತಿದೆ ಎಂದು ತಿಳಿದು ಹೊರತೆಗೆದು ಮತ್ತೆ ಹಾಕಬೇಕು; ಹೊಸ ಪ್ಲಗ್ ಆದರೆ ಕೂತ ಮೇಲೆ ಸುಮಾರು ಅರ್ಧ ಸುತ್ತು ಸಾಕು.

ಕಾರ್ಬುರೇಟರ್ ಇರುವ ಬೈಕು ಮಳೆಗಾಲದಲ್ಲಿ ವಾರಗಟ್ಟಲೆ ನಿಂತು ಸ್ಟಾರ್ಟ್ ಆಗದಿದ್ದರೆ, ಕಾರ್ಬುರೇಟರನ್ನು ಕಳಚುವ ಮೊದಲು ಅದರ ತಳದ ಬಟ್ಟಲಿನ ಸಣ್ಣ ಡ್ರೇನ್ ಸ್ಕ್ರೂ ಬಿಚ್ಚಿ ನೋಡಿ. ಎಥನಾಲ್ ಬೆರೆತ ಪೆಟ್ರೋಲು ನೀರನ್ನು ಹೀರುವುದರಿಂದ ಬಟ್ಟಲಿನ ತಳದಲ್ಲಿ ನೀರು ನಿಂತಿರಬಹುದು, ಅದು ಹೋದರೆ ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ. ಕಳಚಲೇಬೇಕಾದರೆ ಗಾಳಿ ಹೊಂದಿಸುವ ಸ್ಕ್ರೂವನ್ನು ಪೂರ್ತಿ ಒಳಗೆ ತಿರುಗಿಸುತ್ತ ಎಷ್ಟು ಸುತ್ತು ಬಂತೆಂದು ಬರೆದಿಟ್ಟು, ಆಮೇಲೆ ಹೊರತೆಗೆಯಬೇಕು. ತಳದ ಬಟ್ಟಲಿನ ರಬ್ಬರ್ ರಿಂಗ್ ಪೆಟ್ರೋಲಿಗೆ ಉಬ್ಬಿ, ಬಿಚ್ಚಿದ ಮೇಲೆ ತನ್ನ ಸಂದಿನಲ್ಲೇ ಕೂರದೆ ಸತಾಯಿಸುತ್ತದೆ; ಒತ್ತಿ ತುರುಕಿದರೆ ನಡುವೆ ಸಿಕ್ಕಿ ತುಂಡಾಗುತ್ತದೆ. ಒಂದು ರಾತ್ರಿ ಗಾಳಿಗೆ ಬಿಟ್ಟರೆ ಬಹುಪಾಲು ಮೊದಲಿನ ಅಳತೆಗೆ ಬರುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ನಿಯಂತ್ರಣದ ಮಾನದಂಡ) ಬೈಕುಗಳಲ್ಲಿ ಹೆಚ್ಚಿನವು ಫ್ಯುಯೆಲ್ ಇಂಜೆಕ್ಷನ್ನಿನವು, ಅವುಗಳ ಪೈಪಿನಲ್ಲಿ ಪೆಟ್ರೋಲು ಒತ್ತಡದಲ್ಲಿರುವುದರಿಂದ ಆ ಭಾಗಕ್ಕೆ ಮನೆಯಲ್ಲಿ ಕೈ ಹಾಕಬಾರದು.

ಆಯಿಲ್ ಡಬ್ಬಿಯ ಮೇಲೆ ಬೈಕಿನ ಆಯಿಲಿನ ಗುರುತಾದ ಜಾಸೊ ಎಂಎ ಅಥವಾ ಎಂಎ2 ಎಂದಿರುವುದನ್ನು ನೋಡಿಕೊಳ್ಳಿ. ಮನೆಯಲ್ಲಿ ಕಾರಿನದು ಉಳಿದಿದೆಯೆಂದು ಸುರಿದರೆ ಆಯಿಲಿನಲ್ಲೇ ಮುಳುಗಿರುವ ಕ್ಲಚ್ ಜಾರತೊಡಗಬಹುದು. ಹಳೆಯ ಆಯಿಲನ್ನು ಅಡಿಕೆ ಮರದ ಬುಡಕ್ಕೋ ಗುಡ್ಡದ ಬದಿಗೋ ಚೆಲ್ಲುವುದು ಇಲ್ಲಿ ವಿಶೇಷವಾಗಿ ಕೆಟ್ಟದ್ದು: ಮುರಕಲ್ಲಿನ ನೆಲ ತೂತು ತೂತಾದದ್ದು, ಅದರೊಳಗೆ ಜಿನುಗಿದ ನೀರನ್ನೇ ನಾವು ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗಗಳಿಂದ ಕುಡಿಯುವುದು. ಡಬ್ಬಿಯಲ್ಲಿ ತುಂಬಿಸಿ ಗ್ಯಾರೇಜಿಗೆ ಕೊಡಬಹುದು.

ಚೈನಿನ ಲಾಕ್ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು. ಡಿಸ್ಕ್ ಬ್ರೇಕಿನ ಕ್ಯಾಲಿಪರ್ ಬಿಚ್ಚಿಟ್ಟಿರುವಾಗ ಯಾರೂ, ಮುಖ್ಯವಾಗಿ ಆಟಕ್ಕೆ ಬಂದ ಮಕ್ಕಳು, ಲಿವರ್ ಒತ್ತಬಾರದು. ಒತ್ತಿದರೆ ಅದರ ಪಿಸ್ಟನ್ ಹೊರಗೆ ಬಂದು ಬ್ರೇಕ್ ಆಯಿಲ್ ಚೆಲ್ಲಿ ಪೇಂಟ್ ಏಳುತ್ತದೆ. ಹಿಂದಿನ ಚಕ್ರ ತೆಗೆದು ಹಾಕಿದ್ದರೆ ಆಕ್ಸಲ್ ನಟ್ಟು, ಬ್ರೇಕ್ ರಾಡ್, ಸ್ಪ್ಲಿಟ್ ಪಿನ್ ಮೂರನ್ನೂ ನೋಡಿ, ಅಂಗಳದಲ್ಲೇ ಮೆಲ್ಲಗೆ ಓಡಿಸಿ ಬ್ರೇಕ್ ಹಿಡಿಯುತ್ತದೆಂದು ಖಚಿತಪಡಿಸಿಕೊಂಡೇ ರಸ್ತೆಗೆ ಇಳಿಯಬೇಕು.

ಮಧ್ಯದಲ್ಲಿ ಕೈಬಿಟ್ಟು ಮೆಕ್ಯಾನಿಕ್‌ಗೆ ಒಪ್ಪಿಸುವುದಾದರೆ ಅರ್ಧಂಬರ್ಧ ಜೋಡಿಸಿ ಮರೆಮಾಚುವುದು ಬೇಡ. ಬಿಚ್ಚಿದ ಭಾಗಗಳನ್ನು, ಮುರಿದ ತುಂಡನ್ನೂ ಸೇರಿಸಿ ರಟ್ಟಿನ ಸಮೇತ ಕೊಟ್ಟು, ಏನೇನು ಮಾಡಿದೆವೆಂದು ಇದ್ದದ್ದು ಇದ್ದ ಹಾಗೆ ಹೇಳಿದರೆ, ಅವರಿಗೆ ಹುಡುಕುವ ಸಮಯವೂ ನಮಗೆ ಮಜೂರಿಯೂ ಉಳಿಯುತ್ತದೆ.