ಜರ್ಮನಿಯಲ್ಲಿ ಕಿಟಾ ಸೀಟು: ಹಕ್ಕು ಮಗುವಿನದು, ಅರ್ಜಿ ಹಾಕಬೇಕಾದವರು ನೀವು

ವಿಳಾಸ ನೋಂದಣಿ, ಬ್ಯಾಂಕ್ ಖಾತೆ, ಆರೋಗ್ಯ ವಿಮೆ ಇವನ್ನೆಲ್ಲ ಕಂಪನಿಯವರು ಹೇಳಿಕೊಡುತ್ತಾರೆ. ಇಲ್ಲಾಂದ್ರೆ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದರೆ ಹತ್ತು ಜನ ಉತ್ತರ ಕೊಡುತ್ತಾರೆ. ಕಿಟಾ, ಅಂದರೆ ಪುಟ್ಟ ಮಕ್ಕಳ ಡೇಕೇರ್ ವಿಷಯ ಹಾಗಲ್ಲ. ಪುಟ್ಟ ಮಕ್ಕಳನ್ನು ಕರೆದುಕೊಂಡು ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ಬರುವ ಕುಟುಂಬಗಳು ಪ್ರತಿ ವರ್ಷ ಒಂದೇ ಜಾಗದಲ್ಲಿ ಎಡವುವುದನ್ನು ನೋಡುತ್ತಿದ್ದೇನೆ. ಪೆಟ್ಟು ಬೀಳುವುದು ಹೆಚ್ಚಾಗಿ ತಾಯಿಯ ಕೆಲಸಕ್ಕೆ.

2013ರ ಆಗಸ್ಟ್ 1ರಿಂದ ಜರ್ಮನಿಯಲ್ಲಿ ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಡೇಕೇರ್ ಸೀಟು ಕಾನೂನಿನ ಹಕ್ಕು. ಮೂರು ವರ್ಷ ತುಂಬಿದವರಿಗೆ ಈ ಹಕ್ಕು 1996ರಿಂದಲೇ ಇದೆ. ಇಷ್ಟು ಕೇಳಿದ ಕೂಡಲೇ ನಮ್ಮವರು ನೆಮ್ಮದಿಯಾಗಿಬಿಡುತ್ತಾರೆ. ಹಕ್ಕು ಇದೆಯಲ್ಲ, ಸೀಟು ಹೇಗೂ ಸಿಗುತ್ತೆ ಅಂತ. ಅಲ್ಲೇ ಇರುವುದು ಅಪಾಯ.

ದಾವಣಗೆರೆ ಕಡೆಯ ಒಂದು ದಂಪತಿಯ ಕತೆ ಹೇಳುತ್ತೇನೆ. ಮನೆಯ ಸುತ್ತಮುತ್ತ ಇರುವ ಎಲ್ಲ ಕಿಟಾಗಳಿಗೂ ಇಮೇಲ್ ಹಾಕಿದರು. ಕೆಲವರು ಉತ್ತರ ಕೊಡಲಿಲ್ಲ, ಕೆಲವರು ವೇಟಿಂಗ್ ಲಿಸ್ಟಿನಲ್ಲಿ ಹೆಸರು ಬರೆದುಕೊಂಡರು. ತಿಂಗಳುಗಳು ಹೋದವು. ಅಷ್ಟರಲ್ಲಿ ಹೆಂಡತಿಗೆ ಒಳ್ಳೆಯ ಕೆಲಸ ಸಿಕ್ಕಿತು. ಮಗುವನ್ನು ಬಿಡಲು ಜಾಗವಿಲ್ಲದೆ ಅದನ್ನು ಕೈಬಿಡಬೇಕಾಯಿತು. ಕೊನೆಗೆ ವಕೀಲರ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ: "ಯೂಗೆಂಡ್‌ಆಮ್ಟ್‌ಗೆ, ಅಂದರೆ ಮಕ್ಕಳ ಕಲ್ಯಾಣ ಕಚೇರಿಗೆ, ಬರವಣಿಗೆಯಲ್ಲಿ ಯಾವಾಗ ತಿಳಿಸಿದಿರಿ?" ಅಂಥ ಒಂದು ಹಾಳೆಯೂ ಅವರ ಹತ್ತಿರ ಇರಲಿಲ್ಲ.

ಇಲ್ಲಿ ತಿಳಿಯಬೇಕಾದದ್ದು ಇಷ್ಟೇ. ಸೀಟು ಕೊಡುವ ಜವಾಬ್ದಾರಿ ನೀವು ಇಮೇಲ್ ಹಾಕಿದ ಕಿಟಾದ್ದಲ್ಲ. ಅದು ನಿಮ್ಮ ಊರಿನ ಅಥವಾ ಜಿಲ್ಲೆಯ ಯೂಗೆಂಡ್‌ಆಮ್ಟ್ ಕಚೇರಿಯದು. ಐವತ್ತು ಕಿಟಾಗಳು ಇಲ್ಲ ಅಂದರೂ ಕಚೇರಿಯ ಲೆಕ್ಕದಲ್ಲಿ ನೀವಿನ್ನೂ ಸೀಟು ಕೇಳಿಯೇ ಇಲ್ಲದಿರಬಹುದು. ಕೆಲವು ಊರುಗಳಲ್ಲಿ ನಗರಾಡಳಿತದ ಪೋರ್ಟಲ್‌ನಲ್ಲಿ ಹೆಸರು ಹಾಕಿದರೆ ಅದೇ ಅರ್ಜಿ. ಎಲ್ಲ ಕಡೆ ಹಾಗಿಲ್ಲ. ಅದಕ್ಕೇ ಯಾವ ತಾರೀಖಿನಿಂದ, ದಿನಕ್ಕೆ ಎಷ್ಟು ಗಂಟೆ ಬೇಕು ಅಂತ ಬರೆದು ಕಚೇರಿಗೆ ನೇರವಾಗಿ ಕೊಡಿ. ತಲುಪಿದ್ದಕ್ಕೆ ಪುರಾವೆ ಇಟ್ಟುಕೊಳ್ಳಿ. ರಿಜಿಸ್ಟರ್ಡ್ ಪೋಸ್ಟ್ ಖರ್ಚಿಗೆ ಹಿಂದೆಮುಂದೆ ನೋಡಬೇಡಿ. ಗಡುವು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕಲೋನ್, ಡ್ಯುಸೆಲ್‌ಡಾರ್ಫ್ ಇರುವ ನಾರ್ತ್ ರೈನ್-ವೆಸ್ಟ್‌ಫಾಲಿಯಾದಲ್ಲಿ ಆರು ತಿಂಗಳು ಮುಂಚೆ ತಿಳಿಸಬೇಕು. ವೀಸಾ ಕೈಗೆ ಬಂದ ದಿನವೇ ನಿಮ್ಮ ಊರಿನ ನಿಯಮ ನೋಡಿಕೊಳ್ಳಿ.

ಆ ಒಂದು ಹಾಳೆಗೆ ಎಷ್ಟು ಬೆಲೆ ಇದೆ ನೋಡಿ. ಲೈಪ್‌ಸಿಗ್‌ನ ಮೂವರು ತಾಯಂದಿರು ಮಗು ಹುಟ್ಟಿದ ಸ್ವಲ್ಪ ದಿನಕ್ಕೇ ಸೀಟು ಬೇಕೆಂದು ನಗರಾಡಳಿತಕ್ಕೆ ತಿಳಿಸಿದ್ದರು. ಸಮಯಕ್ಕೆ ಸೀಟು ಸಿಗಲಿಲ್ಲ, ಸಂಬಳ ಹೋಯಿತು. ಅವರು ಬಿಡಲಿಲ್ಲ. ಕಚೇರಿಯ ತಪ್ಪಿನಿಂದ ಸೀಟು ತಪ್ಪಿದರೆ ಹೋದ ಸಂಬಳವನ್ನು ನಗರಾಡಳಿತದಿಂದ ಕೇಳಬಹುದು, ದುಡ್ಡಿಲ್ಲ ಅನ್ನುವುದು ನೆಪವಾಗದು ಎಂದು 2016ರ ಅಕ್ಟೋಬರ್ 20ರಂದು ಜರ್ಮನಿಯ ಫೆಡರಲ್ ನ್ಯಾಯಾಲಯ (ಬಿಜಿಎಚ್) ಹೇಳಿತು. ಸೀಟಿಗಾಗಿ ಆಡಳಿತ ನ್ಯಾಯಾಲಯದಲ್ಲಿ ತುರ್ತು ಅರ್ಜಿಯನ್ನೂ ಹಾಕಬಹುದು. ಆಡಳಿತ ನ್ಯಾಯಾಲಯದ ಇಂಥ ಪ್ರಕರಣಗಳಿಗೆ ಕೋರ್ಟ್ ಶುಲ್ಕ ಇಲ್ಲ, ವಕೀಲರ ಫೀಸು ಮಾತ್ರ ಇರುತ್ತದೆ.

ಇನ್ನೂ ಎರಡು ಎಚ್ಚರಿಕೆ. ಬೇಸತ್ತು ದುಬಾರಿ ಖಾಸಗಿ ಕಿಟಾಗೆ ಸೇರಿಸಿ, ಆಮೇಲೆ ಬಿಲ್ಲು ಕಳಿಸಿದರೆ ನಡೆಯುವುದಿಲ್ಲ. ಮೊದಲು ಕಚೇರಿಗೆ ಬೇಡಿಕೆ ಹೋಗಿರಬೇಕು. ಇನ್ನೊಂದು, ಮೂರು ವರ್ಷದೊಳಗಿನ ಮಗುವಿಗೆ ಕಚೇರಿ ಕಿಟಾ ಬದಲು ಟಾಗೆಸ್‌ಮುಟರ್ ಮನೆಯಲ್ಲಿ ಸೀಟು ಕೊಡಬಹುದು. ಇವರು ಪರವಾನಗಿ ಪಡೆದು ನಾಲ್ಕೈದು ಮಕ್ಕಳನ್ನು ನೋಡಿಕೊಳ್ಳುವವರು. ಬೇಡ ಅಂದರೆ ನಿಮ್ಮ ಹಕ್ಕಿನ ವಾದವೇ ಬಿದ್ದುಹೋಗಬಹುದು. ನಮ್ಮವರು ಸುಮ್ನೆ ಅನುಮಾನ ಪಡುತ್ತಾರೆ. ನಾನು ನೋಡಿದ ಟಾಗೆಸ್‌ಮುಟರ್‌ಗಳು ತುಂಬ ಅಕ್ಕರೆಯವರು.

ಸೀಟು ಸಿಕ್ಕಿದ ಮರುದಿನವೇ ಕೆಲಸಕ್ಕೆ ಸೇರುತ್ತೇನೆ ಅಂತಲೂ ಒಪ್ಪಿಕೊಳ್ಳಬೇಡಿ. ಮಗು ಹೊಂದಿಕೊಳ್ಳುವ ತನಕ, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ, ಅಪ್ಪ ಅಥವಾ ಅಮ್ಮ ಜೊತೆಗಿರಬೇಕು. ಅಳುವ ಮಗುವನ್ನು ಗೇಟಿನಲ್ಲಿ ಬಿಟ್ಟು ಬರುವ ನಮ್ಮ ಪದ್ಧತಿಗಿಂತ ಇದು ಎಷ್ಟೋ ಮೇಲು.

ಯಾವ ವ್ಯವಸ್ಥೆ ಒಳ್ಳೆಯದು? ನಮ್ಮ ಅಂಗನವಾಡಿ ಕಾರ್ಯಕರ್ತೆ ಮನೆಬಾಗಿಲಿಗೇ ಬಂದು ಮಗುವಿನ ಹೆಸರು ಬರೆದುಕೊಳ್ಳುತ್ತಾರೆ, ತೂಕ ನೋಡುತ್ತಾರೆ. ಅರ್ಜಿಯ ಭಾಷೆಯೇ ಬಾರದ ತಾಯಿಗೆ ಅದಕ್ಕಿಂತ ದೊಡ್ಡ ಸಹಾಯ ಇಲ್ಲ. ಜರ್ಮನಿ ಇದನ್ನು ಕಲಿಯಬೇಕು. ಆದರೆ ನಮ್ಮ ಶಿಕ್ಷಣ ಹಕ್ಕು ಕಾಯ್ದೆ ಶುರುವಾಗುವುದೇ 6ನೇ ವರ್ಷಕ್ಕೆ. ಸೀಟು ಕೊಡಿ ಅಂತ ಒಂದು ವರ್ಷದ ಮಗುವಿನ ಹೆಸರಲ್ಲಿ ಕೋರ್ಟಿಗೆ ಹೋಗುವ ಬಲ ಅಲ್ಲಿಲ್ಲ. ಈ ವಿಷಯದಲ್ಲಿ ನನ್ನ ಓಟು ಜರ್ಮನಿಗೆ.

ಹಕ್ಕಿದ್ದರೂ ಅರ್ಜಿ ನೀವೇ ಹಾಕಬೇಕು: ಕಿಂಡರ್‌ಗೆಲ್ಡ್‌ನಲ್ಲೂ ಇದೇ ಕತೆ. ಇದು ಮಗುವಿನ ಹೆಸರಲ್ಲಿ ಸರ್ಕಾರ ಕೊಡುವ ಹಣ. 2025ರಲ್ಲಿ ತಿಂಗಳಿಗೆ 255 ಯೂರೋ ಇತ್ತು. ಬ್ಲೂ ಕಾರ್ಡ್ (ಪರಿಣತ ಕೆಲಸಗಾರರ ವಾಸದ ಪರವಾನಗಿ) ಇರುವವರಿಗೂ ಸಿಗುತ್ತದೆ. ಆದರೆ ಅರ್ಜಿಗಿಂತ ಹಿಂದಿನ ಆರು ತಿಂಗಳ ಬಾಕಿ ಮಾತ್ರ ಕೊಡುತ್ತಾರೆ. ವರ್ಷ ಕಳೆದು ನೆನಪಾದರೆ ಉಳಿದದ್ದು ಹೋದಂತೆ.

ಶಾಲೆ ಶುರುವಾದ ಮೇಲೆ ಅಗ್ಗದ ಟಿಕೆಟಿಗಾಗಿ ರಜೆಗೆ ಮುಂಚೆಯೇ ಊರಿಗೆ ಹೊರಡಬೇಡಿ. ಹಾಜರಿ ಕಡ್ಡಾಯ, ದಂಡ ಬೀಳುತ್ತದೆ. ಬವೇರಿಯಾದಲ್ಲಿ ವಿಮಾನ ನಿಲ್ದಾಣದಲ್ಲೇ ಪೊಲೀಸರು ಮಕ್ಕಳನ್ನು ವಿಚಾರಿಸಿದ್ದುಂಟು. ಹಾಗೆಯೇ 2000ದಿಂದ ಇಲ್ಲಿ ಮಕ್ಕಳ ಮೇಲೆ ಕೈ ಮಾಡುವಂತಿಲ್ಲ, ಮನೆಯೊಳಗೂ ಇಲ್ಲ. "ಒಂದು ಏಟು ಕೊಟ್ಟರೆ ಏನಾಯ್ತು" ಅನ್ನುವುದನ್ನು ಇಲ್ಲಿ ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು.

ಮಗು ಕಿಟಾಗೆ ಸೇರಿದ ಮೇಲೆ ಪೋಷಕರ ಸಮಿತಿಗೆ ನಿಲ್ಲಿ. ನಮ್ಮ ಪಾಸ್‌ಪೋರ್ಟಿಗೆ ಇಲ್ಲಿನ ನಗರ ಚುನಾವಣೆಯಲ್ಲಿ ಮತ ಇಲ್ಲ, ಆದರೆ ಆ ಸಮಿತಿಗೆ ಮತ ಹಾಕಬಹುದು, ಆಯ್ಕೆಯೂ ಆಗಬಹುದು. 2026ರ ಆಗಸ್ಟ್‌ನಿಂದ ಒಂದನೇ ತರಗತಿಯ ಮಕ್ಕಳಿಗೆ ದಿನಪೂರ್ತಿ ಆರೈಕೆಯ ಹಕ್ಕು ಶುರುವಾಗಿ, ವರ್ಷಕ್ಕೊಂದು ತರಗತಿಯಂತೆ ನಾಲ್ಕನೇ ತರಗತಿಯವರೆಗೆ ಹೋಗುತ್ತದೆ. ನಿಮ್ಮ ಊರಿನಲ್ಲಿ ಅದಕ್ಕೆ ಎಷ್ಟು ಸೀಟು ಸಿದ್ಧವಿದೆ ಅಂತ ಸಮಿತಿಯ ಮೂಲಕ ಬರವಣಿಗೆಯಲ್ಲೇ ಕೇಳಿ.