32 ಚುಕ್ಕಿಯೊಳಗೆ ಬೆಲ್ಲದ ಅಚ್ಚು

ವಿಂಡೋಸ್ 3.1 ಕಾಲದಲ್ಲಿ ಮಂಡ್ಯದ ಒಂದು ಬೆಲ್ಲದ ಮಂಡಿಗೆ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದೆ, ವಿಷುಯಲ್ ಬೇಸಿಕ್ 3ರಲ್ಲಿ. ಬಟನ್ ಮೇಲೆ ಕನ್ನಡ ತರಿಸುವುದು ಆಗ ದೊಡ್ಡ ತಲೆನೋವು. ಇಂಗ್ಲಿಷ್ ಹಾಕಿದರೆ ಗುಮಾಸ್ತರಿಗೆ ಕಷ್ಟ. ಚಿತ್ರವೇ ಗತಿ ಅಂತ ಐಕಾನ್ ಬರೆಯಲು ಕೂತೆ.

ಅಡ್ಡ 32 ಚುಕ್ಕಿ, ಉದ್ದ 32, ಬಣ್ಣ 16. ಅಷ್ಟೇ ಜಾಗ. ವಿಷುಯಲ್ ಬೇಸಿಕ್ ಜೊತೆಗೇ ಐಕಾನ್‌ವರ್ಕ್ಸ್ ಎಂಬ, ಐಕಾನ್ ಬರೆಯುವ ಸ್ಯಾಂಪಲ್ ಪ್ರೋಗ್ರಾಂ ಬರುತ್ತಿತ್ತು, ಅದೇ ಸಾಕಾಯಿತು. ಆದರೂ ಮೊದಲು ಗ್ರಾಫ್ ಹಾಳೆಯಲ್ಲಿ ಪೆನ್ಸಿಲ್‌ನಿಂದ ಚೌಕ ತುಂಬುತ್ತಿದ್ದೆ. ಆಪಲ್‌ನ ಮ್ಯಾಕಿಂಟಾಷ್ ಕಂಪ್ಯೂಟರ್‌ಗೆ ಐಕಾನ್ ಬರೆದ ಸೂಸನ್ ಕೇರ್ ಕೂಡ ಶುರುಮಾಡಿದ್ದು ಚೌಕದ ಹಾಳೆಯಲ್ಲೇ.

ಬರೆಯಬೇಕಿದ್ದದ್ದು ಕಬ್ಬು ಮತ್ತು ಬೆಲ್ಲದ ಅಚ್ಚು. ಕಬ್ಬನ್ನು ಓರೆಯಾಗಿ ಬರೆದರೆ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಹಾಗಾಗಿ ನೆಟ್ಟಗೆ ನಿಲ್ಲಿಸಿದೆ. ಅಗಲ ನಾಲ್ಕೇ ಚುಕ್ಕಿ: ಎಡಕ್ಕೆ ತಿಳಿಹಸಿರು, ಬಲಕ್ಕೆ ಕಡುಹಸಿರು, ಗೆಣ್ಣಿನ ಜಾಗದಲ್ಲಿ ಒಂದು ಸಾಲು ಕಪ್ಪು. ಬೇರೆ ಊರಲ್ಲಿ ಅದನ್ನು ಬಿದಿರು ಅನ್ನುತ್ತಿದ್ದರೇನೋ, ಮಂಡ್ಯದಲ್ಲಿ ಆ ಭಯವಿಲ್ಲ ಬಿಡಿ.

ಬೆಲ್ಲವೇ ಕಷ್ಟ. ಆ 16 ಬಣ್ಣದಲ್ಲಿ ಬೆಲ್ಲದ ಬಣ್ಣವೇ ಇಲ್ಲ. ಮೆರೂನ್ ಇದೆ, ಮಬ್ಬು ಹಳದಿ ಇದೆ. ಎರಡನ್ನೂ ಚದುರಂಗದ ಮಣೆಯ ಹಾಗೆ ಒಂದು ಬಿಟ್ಟು ಒಂದು ಇಟ್ಟೆ. ಹತ್ತಿರದಿಂದ ಬರೀ ಚುಕ್ಕಿ. ಕುರ್ಚಿಗೆ ಒರಗಿ ನೋಡಿದರೆ ಕಂದು ಬಣ್ಣ! ಆ ಕಾಲದ ಮಾನಿಟರ್ ಸ್ವಲ್ಪ ಮಸುಕಾಗಿ ತೋರಿಸುತ್ತಿದ್ದದ್ದೂ ಅನುಕೂಲವೇ ಆಯಿತು. ಮೇಲಿನ ಅಂಚಿಗೆ ಒಂದು ಗೆರೆ ಹಳದಿ, ಕೆಳಗೆ ಬಲಕ್ಕೆ ಕಡುಬೂದು ನೆರಳು. ಎಡಿಟರ್‌ನಲ್ಲಿ ದೊಡ್ಡದಾಗಿ ಕಾಣುವುದನ್ನು ನಾನು ನಂಬುತ್ತಲೇ ಇರಲಿಲ್ಲ. ಪಕ್ಕದಲ್ಲಿ ನಿಜವಾದ ಅಳತೆಯಲ್ಲಿ ಹೇಗಿದೆ ಅನ್ನುವುದೇ ಲೆಕ್ಕ.

ಇನ್ನು ಮಾಸ್ಕ್, ಅಂದರೆ ಐಕಾನ್‌ನ ಯಾವ ಚುಕ್ಕಿ ಪಾರದರ್ಶಕ ಎಂದು ಹೇಳುವ ಪದರ. ಐಕಾನ್ ಫೈಲಿನಲ್ಲಿ ಬಣ್ಣದ ಚಿತ್ರದ ಜೊತೆ ಚುಕ್ಕಿಗೊಂದು ಬಿಟ್‌ನ ಇನ್ನೊಂದು ಚಿತ್ರವಿರುತ್ತದೆ. ಅಲ್ಲಿ 0 ಇದ್ದರೆ ನಮ್ಮ ಬಣ್ಣ ಕೂರುತ್ತದೆ. 1 ಇದ್ದು ಬಣ್ಣ ಕಪ್ಪಾಗಿದ್ದರೆ ಹಿಂದಿನ ಪರದೆ ಹಾಗೇ ಕಾಣುತ್ತದೆ. ಚಿತ್ರಕ್ಕೆ 512 ಬೈಟ್, ಮಾಸ್ಕ್‌ಗೆ 128. ಹೆಡರ್, ಬಣ್ಣದ ಪಟ್ಟಿ ಎಲ್ಲಾ ಸೇರಿ ಫೈಲು 766 ಬೈಟ್.

ಆಮೇಲೆ ವಿಂಡೋಸ್ 95 ಬಂತು. ಕಿಟಕಿಯ ತಲೆಪಟ್ಟಿಯಲ್ಲಿ 16ಕ್ಕೆ 16ರ ಪುಟ್ಟ ಐಕಾನ್ ಕೂರಬೇಕು. ಇರುವುದನ್ನೇ ಅರ್ಧ ಮಾಡಿದರೆ ಆಯಿತಲ್ವಾ ಅನ್ನಿಸುತ್ತದೆ. ಆದರೆ ಒಂದು ಬಿಟ್ಟು ಒಂದು ಚುಕ್ಕಿ ತೆಗೆದರೆ ಮಣೆಯಲ್ಲಿ ಉಳಿಯುವುದು ಒಂದೇ ಬಣ್ಣ. ಬೆಲ್ಲ ಪೂರ್ತಿ ಮೆರೂನ್ ಆಗಿ ಇಟ್ಟಿಗೆಯಂತೆ ಕಾಣುತ್ತದೆ. ಹಾಗಾಗಿ ಪುಟ್ಟದನ್ನು ಬೇರೆಯಾಗಿಯೇ ಬರೆದೆ. ಅದರಲ್ಲಿ ನೆರಳು ಬಿಟ್ಟೆ, ಕಬ್ಬನ್ನೂ ಬಿಟ್ಟೆ. ಅಚ್ಚು ಒಂದೇ, ಮೇಲೊಂದು ಹಳದಿ ಗೆರೆ.