ಡಾಕ್ಟರ್ ಮುಂದೆ ಸುಮ್ನೆ 'ಆರಾಮ್' ಅನ್ನಬೇಡಿ: ವಿಎ ರೇಟಿಂಗ್ ಉಳಿಸಿಕೊಳ್ಳುವ ಬಗೆ

ಹೇಗಿದ್ದೀರಿ ಅಂತ ಡಾಕ್ಟರ್ ಕೇಳಿದರೆ ನಾವು 'ಆರಾಮ್' ಅಂದುಬಿಡುತ್ತೇವೆ. ತಲೆ ಸಿಡಿಯುತ್ತಿದ್ದರೂ 'ಪರವಾಗಿಲ್ಲ' ಅನ್ನುತ್ತೇವೆ. ಹಾಗೆ ಹೇಳಿಯೇ ಬೆಳೆದವರು ನಾವು. ಆದರೆ ಅಮೆರಿಕದ ಸೇನೆಯಲ್ಲಿ ದುಡಿದು ಹೊರಬಂದ ಕನ್ನಡಿಗರಿಗೆ ಈ ಒಂದು ಮಾತು ತುಂಬಾ ದುಬಾರಿ ಬೀಳಬಹುದು.

ನನ್ನ ತಮ್ಮ ಗ್ರೀನ್ ಕಾರ್ಡ್ ಬಂದ ಮೇಲೆ ಸೇನೆ ಸೇರಿದವನು. ಹೊರಬಂದ ಮೇಲೆ ಮೈಗ್ರೇನ್‌ಗೆ ಅವನಿಗೆ ಅಲ್ಲಿನ ಮಾಜಿ ಸೈನಿಕರ ಇಲಾಖೆ ವಿಎಯಿಂದ 50 ಪರ್ಸೆಂಟ್ ರೇಟಿಂಗ್, ಅಂದರೆ ಕಾಯಿಲೆ ಎಷ್ಟು ತೀವ್ರ ಅನ್ನುವ ಅಳತೆ, ಸಿಕ್ಕಿತ್ತು. ಆರು ವರ್ಷ ಆದ ಮೇಲೆ ಅದನ್ನು 30ಕ್ಕೆ ಇಳಿಸುವ ಪ್ರಸ್ತಾಪದ ಪತ್ರ ಬಂತು. ಅವನ ಫೈಲು ತೆಗೆದು ನೋಡಿದೆವು. ಭೇಟಿ ಭೇಟಿಗೂ ಒಂದೇ ಸಾಲು: 'ಪೇಷಂಟ್ ಚೆನ್ನಾಗಿದ್ದೇನೆ ಎನ್ನುತ್ತಾರೆ.' ಹೇಳಿದವನು ಅವನೇ. ತಿಂಗಳಲ್ಲಿ ಏಳೆಂಟು ದಿನ ಕಿಟಕಿ ಪರದೆ ಎಳೆದು, ಬಕೆಟ್ ಪಕ್ಕದಲ್ಲಿಟ್ಟುಕೊಂಡು ಮಲಗುತ್ತಿದ್ದ. ಅದು ಮನೆಯವರಿಗೆ ಮಾತ್ರ ಗೊತ್ತಿತ್ತು.

ವೆಟರನ್ಸ್ ಅಫೇರ್ಸ್ ಇಲಾಖೆಯನ್ನು ಎಲ್ಲರೂ ವಿಎ ಅನ್ನುತ್ತಾರೆ. ಸೇವೆಯಲ್ಲಿದ್ದಾಗ ಬಂದ ಗಾಯ, ಕಾಯಿಲೆಗೆ ವಿಎ 0ಯಿಂದ 100ರವರೆಗೆ, ಹತ್ತರ ಲೆಕ್ಕದಲ್ಲಿ ರೇಟಿಂಗ್ ಕೊಡುತ್ತದೆ. ತಿಂಗಳ ಹಣ ಅದರ ಮೇಲೆ ನಿಂತಿದೆ. 2025ರಲ್ಲಿ ಒಂಟಿ ವ್ಯಕ್ತಿಗೆ 10 ಪರ್ಸೆಂಟ್‌ಗೆ 175 ಡಾಲರ್ ಚಿಲ್ಲರೆ, 100ಕ್ಕೆ 3,831 ಡಾಲರ್ ಚಿಲ್ಲರೆ ಬರುತ್ತಿತ್ತು. ಈ ಹಣಕ್ಕೆ ಫೆಡರಲ್ ತೆರಿಗೆ ಇಲ್ಲ.

ಪ್ರತಿ ಕಾಯಿಲೆಗೂ ಒಂದು ಅಳತೆ ಇದೆ. ನಿಮ್ಮದು ಯಾವುದು ಅಂತ ಮೊದಲು ಓದಿಕೊಳ್ಳಿ. ಮೈಗ್ರೇನ್‌ನಲ್ಲಿ, ಕಳೆದ ಹಲವು ತಿಂಗಳಲ್ಲಿ ಸರಾಸರಿ ತಿಂಗಳಿಗೊಮ್ಮೆ ಏಳಲಾಗದಂತೆ ಮಲಗಿಸುವ ನೋವು ಬಂದರೆ 30. ಪದೇ ಪದೇ ಬಂದು, ತುಂಬಾ ಹೊತ್ತು ಕಾಡಿ, ದುಡಿಮೆಗೇ ದೊಡ್ಡ ಪೆಟ್ಟು ಕೊಟ್ಟರೆ 50. ಮೊಣಕಾಲಾದರೆ ಎಷ್ಟು ಡಿಗ್ರಿ ಮಡಚುತ್ತದೆ ಅನ್ನೋದು ಮುಖ್ಯ: 45ಕ್ಕೆ ನಿಂತರೆ 10 ಪರ್ಸೆಂಟ್, 30ಕ್ಕೇ ನಿಂತರೆ 20. ಹಾಗಾಗಿ ಡಾಕ್ಟರ್ ಹತ್ತಿರ 'ಕಾಲು ನೋವು' ಅಂದರೆ ಸಾಲದು. ಎಷ್ಟು ಸಲ, ಎಷ್ಟು ಹೊತ್ತು, ಆ ದಿನ ಏನು ಮಾಡಲಾಗಲಿಲ್ಲ, ಕೆಲಸಕ್ಕೆ ಎಷ್ಟು ದಿನ ಹೋಗಲಿಲ್ಲ, ಇಷ್ಟನ್ನೂ ಹೇಳಿ. ಬರೆದುಕೊಂಡು ಹೋಗಿ ಓದಿದರೂ ತಪ್ಪಿಲ್ಲ. ಆಮೇಲೆ ವಿಎ ವೆಬ್‌ಸೈಟಿನಲ್ಲಿ ಲಾಗಿನ್ ಆಗಿ ಅವರು ಏನು ಬರೆದಿದ್ದಾರೆ ಅಂತ ನೋಡಿ. ತಪ್ಪಿದ್ದರೆ ತಿದ್ದುಪಡಿ ಕೇಳುವ ಹಕ್ಕು ನಿಮಗಿದೆ.

ನನ್ನ ತಮ್ಮನ ಹೆಂಡತಿ ಮಾಡಿದ ಕೆಲಸ ಎಲ್ಲರೂ ಮಾಡಬಹುದು. ಊರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದೆವಲ್ಲ, ಹಾಗೆ ಅಡುಗೆಮನೆ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದಳು. ನೋವು ಬಂದ ದಿನ 'ನೋ', ಎಷ್ಟು ಗಂಟೆ, ಯಾವ ಮಾತ್ರೆ, ರಜೆ ಹಾಕಿದರೆ 'ರ'. ಆ ಹಾಳೆಗಳನ್ನು ಇಂಗ್ಲಿಷಿಗೆ ಇಳಿಸಿದೆವು. ಕಣ್ಣಾರೆ ಕಂಡದ್ದನ್ನು ಅವಳು ಫಾರ್ಮ್ 21-10210ರಲ್ಲಿ ಹೇಳಿಕೆಯಾಗಿ ಬರೆದುಕೊಟ್ಟಳು. ಆಫೀಸಿನ ರಜೆ ದಾಖಲೆಯನ್ನೂ ಸೇರಿಸಿದೆವು. ಹೊರಗಿನ ಡಾಕ್ಟರ ದಾಖಲೆಗಳನ್ನು ವಿಎಯೇ ತರಿಸಿಕೊಳ್ಳಲು ಫಾರ್ಮ್ 21-4142ರಲ್ಲಿ ಒಪ್ಪಿಗೆ ಕೊಡಬಹುದು. ನಾವೇ ತಂದುಕೊಟ್ಟರೆ ಬೇಗ ಅಂತ ನಾವೇ ಓಡಾಡಿದೆವು.

ಇಳಿಸುವ ಪ್ರಸ್ತಾಪದ ಪತ್ರ ಬಂದರೆ ಗಾಬರಿಯಾಗಬೇಡಿ, ಆದರೆ ದಿನ ಎಣಿಸಿ. ದಾಖಲೆ ಕೊಡಲು 60 ದಿನ ಇರುತ್ತದೆ. ಮೊದಲ 30 ದಿನದೊಳಗೆ ವಿಚಾರಣೆ ಕೇಳಿದರೆ ತೀರ್ಮಾನ ಆಗುವವರೆಗೆ ಹಳೆಯ ಹಣವೇ ಬರುತ್ತದೆ. ಈ 30ರ ವಿಷಯ ಬಹಳ ಜನಕ್ಕೆ ತಿಳಿದೇ ಇರುವುದಿಲ್ಲ. ಮರುಪರೀಕ್ಷೆಗೆ ಕರೆದರೆ ತಪ್ಪಿಸಲೇಬೇಡಿ. ಹೋಗದಿದ್ದರೆ ಅದೇ ಕಾರಣಕ್ಕೆ ಹಣ ಇಳಿಯಬಹುದು, ನಿಲ್ಲಲೂಬಹುದು. ಪರೀಕ್ಷೆ ಮಾಡುವವರು ನಿಮ್ಮನ್ನು ನೋಡುವುದು ಸ್ವಲ್ಪ ಹೊತ್ತು ಮಾತ್ರ. ಅವತ್ತು ನಿಮಗೆ ಒಳ್ಳೆಯ ದಿನವಾಗಿರಬಹುದು, ಕೆಟ್ಟ ದಿನ ಹೇಗಿರುತ್ತದೆ ಅಂತಲೂ ಹೇಳಿ. ಒಂದನ್ನೂ ಹೆಚ್ಚಿಸಿ ಹೇಳಬೇಡಿ. ಮೋಸ ಅಂತ ಸಾಬೀತಾದರೆ ಯಾವ ರಕ್ಷಣೆಯೂ ಉಳಿಯುವುದಿಲ್ಲ.

ರಕ್ಷಣೆಗಳು ವರ್ಷದ ಲೆಕ್ಕದಲ್ಲಿವೆ. ಒಂದೇ ರೇಟಿಂಗ್ 5 ವರ್ಷ ನಿಂತಿದ್ದರೆ, ಸಾಮಾನ್ಯವಾಗಿ ಒಂದು ಪರೀಕ್ಷೆ ನೋಡಿ ಇಳಿಸುವಂತಿಲ್ಲ. ದಿನನಿತ್ಯದ ಬದುಕಿನಲ್ಲಿ, ಕೆಲಸದಲ್ಲಿ ನಿಜವಾಗಿ ಸುಧಾರಿಸಿದೆ, ಅದು ಉಳಿಯುತ್ತದೆ ಅಂತ ತೋರಬೇಕು. 10 ವರ್ಷವಾದರೆ ಕಾಯಿಲೆಗೂ ಸೇವೆಗೂ ಇರುವ ನಂಟನ್ನು ಕಡಿಯುವುದು ಬಹಳ ಕಷ್ಟ. 20 ವರ್ಷ ಸತತವಾಗಿ ಇದ್ದ ರೇಟಿಂಗ್‌ಗಿಂತ ಕೆಳಗೆ ಇಳಿಸುವಂತಿಲ್ಲ. 55 ವರ್ಷ ವಯಸ್ಸು ದಾಟಿದವರನ್ನು ಸಾಮಾನ್ಯವಾಗಿ ಮರುಪರೀಕ್ಷೆಗೆ ಕರೆಯುವುದಿಲ್ಲ. ತಮ್ಮನಿಗೆ ಆರು ವರ್ಷ ಆಗಿತ್ತಲ್ಲ, ಅದನ್ನು ಎತ್ತಿ ತೋರಿಸಿದ್ದು ಕೌಂಟಿಯ (ಅಲ್ಲಿನ ಜಿಲ್ಲೆಯ) ವೆಟರನ್ಸ್ ಸರ್ವಿಸ್ ಆಫೀಸರ್, ಅಂದರೆ ಮಾಜಿ ಸೈನಿಕರಿಗೆ ನೆರವಾಗುವ ಅಧಿಕಾರಿ. ಅವರು ಒಂದು ಡಾಲರ್ ಕೂಡ ತೆಗೆದುಕೊಳ್ಳಲಿಲ್ಲ. ಡಿಎವಿ, ವಿಎಫ್‌ಡಬ್ಲ್ಯೂ, ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘಗಳಲ್ಲೂ ವಿಎ ಮಾನ್ಯತೆ ಪಡೆದವರು ಉಚಿತವಾಗಿ ನೆರವಾಗುತ್ತಾರೆ. ದುಡ್ಡು ಕೇಳುವವರ ಹತ್ತಿರ ಹೋಗುವ ಮೊದಲು ಇವರನ್ನು ನೋಡಿ. 50 ಅವನಿಗೆ 50 ಆಗಿಯೇ ಉಳಿಯಿತು.

ಊರಿಗೆ ಹೋಗುವವರಿಗೆ ಇನ್ನೊಂದು ಮಾತು. ಅಪ್ಪ ಅಮ್ಮನ ಜೊತೆ ಇರೋಣ ಅಂತ ಆರು ತಿಂಗಳು ಮೈಸೂರಿಗೋ ಹುಬ್ಬಳ್ಳಿಗೋ ಹೋಗಿರುತ್ತೀರಿ, ವಿಎ ಪತ್ರ ಅಮೆರಿಕದ ಮನೆಯ ಅಂಚೆ ಡಬ್ಬಿಯಲ್ಲಿ ಬಿದ್ದಿರುತ್ತದೆ. ಹೊರಡುವ ಮೊದಲು ವಿಳಾಸ ಬದಲಿಸಿ, ಇಲ್ಲವೇ ನಂಬಿಕಸ್ತರೊಬ್ಬರಿಗೆ ಪತ್ರ ತೆರೆದು ನೋಡಲು ಹೇಳಿ. ಊರಿನ ಡಾಕ್ಟರಿಗೆ ತೋರಿಸಿದರೆ ಓಪಿಡಿ ಚೀಟಿಯಲ್ಲಿ ಎಷ್ಟೋ ಸಲ ಮಾತ್ರೆ ಹೆಸರು ಮಾತ್ರ ಇರುತ್ತದೆ. ಏನು ತೊಂದರೆ, ಎಷ್ಟು ದಿನದಿಂದ ಅಂತ ಲೆಟರ್‌ಹೆಡ್‌ನಲ್ಲಿ ಎರಡು ಸಾಲು ಬರೆಸಿಕೊಳ್ಳಿ. ಸೇವೆಗೆ ಸಂಬಂಧಿಸಿದ ಕಾಯಿಲೆಯ ಖರ್ಚನ್ನು ವಿಎಯ ಫಾರಿನ್ ಮೆಡಿಕಲ್ ಪ್ರೋಗ್ರಾಂ ಭಾರತದಲ್ಲೂ ಭರಿಸುತ್ತದೆ. ಬಿಲ್ಲಿನ ಜೊತೆ ಆ ಲೆಟರ್‌ಹೆಡ್ ಪತ್ರವನ್ನೂ ಇಟ್ಟುಕೊಳ್ಳಿ, ಚಿಕಿತ್ಸೆಯಾದ 2 ವರ್ಷದೊಳಗೆ ಅರ್ಜಿ ಹಾಕಬೇಕು.